ನೆರೆ ಬರುವ ತಿಂಗಳು: ನದಿ ಕಣಿವೆಗಳಲ್ಲಿ ನಗರ ಹುಟ್ಟಿದ ಬಗೆ

ನದಿಯಲ್ಲಿ ನೀರಿತ್ತು, ದಡದಲ್ಲಿ ಮೆಕ್ಕಲು ಮಣ್ಣಿತ್ತು, ಅದಕ್ಕೇ ಅಲ್ಲಿ ನಾಗರಿಕತೆ ಬೆಳೆಯಿತು. ಶಾಲೆಯ ಪಾಠ ಸಾಮಾನ್ಯವಾಗಿ ಇಷ್ಟಕ್ಕೇ ಮುಗಿಯುತ್ತದೆ. ಹಾಗಿದ್ದರೆ ನೀರೂ ಮೆಕ್ಕಲೂ ಇರುವ ನೂರಾರು ನದಿಗಳ ದಡದಲ್ಲಿ ಕ್ರಿ.ಪೂ. 3000ದ ಹೊತ್ತಿಗೆ ನಗರಗಳು ಏಳಬೇಕಿತ್ತು. ಎದ್ದದ್ದು ಬೆರಳೆಣಿಕೆಯ ಕಡೆ ಮಾತ್ರ. ಅವೂ ಒಂದರ ಹಾಗೆ ಒಂದಿಲ್ಲ: ಯೂಫ್ರೆಟಿಸ್ ದಡದಲ್ಲಿ ಒಂದರೊಡನೊಂದು ಕಾದಾಡುವ ನಗರ ರಾಜ್ಯಗಳು, ನೈಲ್ ಉದ್ದಕ್ಕೂ ಒಬ್ಬನೇ ದೊರೆ, ಸಿಂಧೂ ಬಯಲಿನಲ್ಲಿ ಅರಮನೆಯೂ ರಾಜನ ಗೋರಿಯೂ ಕಾಣದ ಅಚ್ಚುಕಟ್ಟಾದ ಊರುಗಳು.

ಈ ವ್ಯತ್ಯಾಸಕ್ಕೆ ಕಾರಣಗಳು ಹಲವು. ಆದರೆ ಎಳೆ ಹಿಡಿಯಲು ಯಾವ ರೈತನೂ ಮೊದಲು ಕೇಳುವ ಪ್ರಶ್ನೆಯೇ ಸಾಕು. ನೆರೆ ಯಾವ ತಿಂಗಳು, ಬಿತ್ತನೆ ಯಾವ ತಿಂಗಳು? ಎರಡೂ ಹೊಂದಿಕೊಂಡ ಕಡೆ ಒಂದು ಬಗೆಯ ಸಮಾಜ ಬೆಳೆಯಿತು, ಹೊಂದದ ಕಡೆ ಇನ್ನೊಂದು ಬಗೆಯದು. ಹೊಂದದ ಕಡೆ ಕೆಲಸ ಜಾಸ್ತಿ, ದಾಖಲೆಯೂ ಜಾಸ್ತಿ. ಅದಕ್ಕಾಗಿ ಇಲ್ಲಿ ಸುಮೇರ್‌ಗೆ, ಅಂದರೆ ಈಗಿನ ದಕ್ಷಿಣ ಇರಾಕಿಗೆ, ಹೆಚ್ಚು ಜಾಗ ಕೊಡಲಾಗಿದೆ.

ಬೇಸಾಯ ಹುಟ್ಟಿದ್ದು ನದಿ ಬಯಲಿನಲ್ಲಲ್ಲ

ಗೋಧಿ, ಜವೆಗೋಧಿ, ಮಸೂರ, ಕಡಲೆ ಮನುಷ್ಯನ ಕೈಗೆ ಪಳಗಿದ್ದು ಆಗ್ನೇಯ ಟರ್ಕಿ, ಸಿರಿಯಾ, ಝಾಗ್ರೋಸ್ ಬೆಟ್ಟಗಳ ತಪ್ಪಲಿನಲ್ಲಿ, ಸುಮಾರು ಕ್ರಿ.ಪೂ. 9500ರಿಂದ 8000ದ ನಡುವೆ. ಕುರಿ, ಮೇಕೆಗಳದೂ ಅದೇ ಸೀಮೆ. ಅಲ್ಲಿ ವರ್ಷಕ್ಕೆ 250 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಚಳಿಗಾಲದ ಮಳೆಗೆ ಬಿತ್ತಿ ಬೇಸಿಗೆಯ ಹೊತ್ತಿಗೆ ಕೊಯ್ಯಬಹುದು, ಕಾಲುವೆ ಬೇಕಿಲ್ಲ. ಟರ್ಕಿಯ ಚಾತಾಲ್‌ಹೊಯುಕ್‌ನಲ್ಲಿ ಕ್ರಿ.ಪೂ. 7100ರ ಸುಮಾರಿನಿಂದ ಸಾವಿರಾರು ಜನ ಒತ್ತೊತ್ತಾಗಿ ಮನೆ ಕಟ್ಟಿಕೊಂಡು ಬದುಕಿದರು. ಆದರೂ ಅದು ನಗರವಾಗಲಿಲ್ಲ, ಬರಹ ಹುಟ್ಟಲಿಲ್ಲ. ನಮ್ಮ ಕಡೆಯ ಉದಾಹರಣೆ ಬಲೂಚಿಸ್ತಾನದ ಮೆಹರ್‌ಗಢ: ಕ್ರಿ.ಪೂ. 7000ದ ಸುಮಾರಿನ ಈ ಬೇಸಾಯದ ಊರು ಇರುವುದು ಸಿಂಧೂ ದಡದಲ್ಲಲ್ಲ, ಬೋಲಾನ್ ಕಣಿವೆಯ ಬಾಯಲ್ಲಿ.

ಬೇಸಾಯಕ್ಕೂ ಮೊದಲ ನಗರಕ್ಕೂ ನಡುವೆ ನಾಲ್ಕೈದು ಸಾವಿರ ವರ್ಷಗಳ ಅಂತರವಿದೆ. ಇಷ್ಟು ತಡ ಏಕೆಂದರೆ ದೊಡ್ಡ ನದಿಯ ಬಯಲು ವಾಸಕ್ಕೆ ಸುಲಭದ ಜಾಗವಲ್ಲ. ದಕ್ಷಿಣ ಇರಾಕಿನಲ್ಲಿ ವರ್ಷದ ಮಳೆ 100ರಿಂದ 150 ಮಿಲಿಮೀಟರ್. ಅದನ್ನು ನಂಬಿ ಬಿತ್ತಿದರೆ ಬೀಜವೂ ವಾಪಸು ಬರುವುದಿಲ್ಲ. ಕಲ್ಲಿಲ್ಲ, ತೊಲೆಗಾಗುವ ಮರವಿಲ್ಲ, ಲೋಹದ ಅದಿರಿಲ್ಲ. ಇದ್ದದ್ದು ಜೌಗು: ಮೀನು, ನೀರುಹಕ್ಕಿ, ಜೊಂಡು, ದಡದಲ್ಲಿ ಖರ್ಜೂರ. ಮೊದಲು ಬಂದವರನ್ನು ಬದುಕಿಸಿದ್ದು ಈ ಜೌಗೇ ಇರಬೇಕು. ಕಾಲುವೆ ತೋಡುವ ವಿದ್ಯೆಯನ್ನು ಅವರು ಬೆಟ್ಟದಂಚಿನಲ್ಲಿ ಮೊದಲೇ ಕಲಿತಿದ್ದರು. ಪೂರ್ವ ಇರಾಕಿನ ಚೋಗಾ ಮಾಮಿಯಲ್ಲಿ ಸುಮಾರು ಕ್ರಿ.ಪೂ. 6000ದಷ್ಟು ಹಳೆಯ ಕಾಲುವೆಗಳ ಗುರುತು ಸಿಕ್ಕಿದೆ. ಮಳೆ ಸಾಲದ ಅಂಚಿನಲ್ಲಿ ಬೆಟ್ಟದ ತೊರೆಯ ನೀರನ್ನು ಹೊಲಕ್ಕೆ ತಿರುಗಿಸಿದವು ಅವು. ಅದೇ ವಿದ್ಯೆ ಮುಂದೆ ಬಯಲಿಗೆ ಇಳಿಯಿತು.

ಸುಮೇರ್: ಕೊಯ್ಲಿನ ಹೊತ್ತಿಗೆ ಬರುವ ನೆರೆ

ಟೈಗ್ರಿಸ್, ಯೂಫ್ರೆಟಿಸ್ ಎರಡಕ್ಕೂ ನೀರು ಮುಖ್ಯವಾಗಿ ಬರುವುದು ಟರ್ಕಿಯ ಬೆಟ್ಟಗಳ ಹಿಮ ಕರಗಿ. ಹಿಮ ಕರಗುವುದು ವಸಂತದಲ್ಲಿ, ಆದ್ದರಿಂದ ನದಿ ತುಂಬಿ ಹರಿಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಜವೆಗೋಧಿ ತೆನೆ ಮಾಗಿ ಕುಡುಗೋಲಿಗೆ ಕಾಯುವುದೂ ಅದೇ ಏಪ್ರಿಲ್, ಮೇ. ಬಿತ್ತನೆ ಅಕ್ಟೋಬರ್, ನವೆಂಬರಿನಲ್ಲಿ. ಆಗ ನದಿ ವರ್ಷದಲ್ಲೇ ಅತಿ ಕೆಳಮಟ್ಟಕ್ಕೆ ಇಳಿದಿರುತ್ತದೆ. ನೀರು ಬೇಕಾದಾಗ ಇಲ್ಲ, ಬೇಡವಾದಾಗ ಬೆಳೆಯ ಮೇಲೆ ನುಗ್ಗುತ್ತದೆ. ಹೀಗಾಗಿ ಸುಮೇರಿನ ರೈತನಿಗೆ ಎರಡು ಕೆಲಸ ಒಟ್ಟಿಗೆ ಬಿದ್ದವು: ಬಡನದಿಯಿಂದ ನೀರು ಎಳೆದು ತರಲು ಕಾಲುವೆ, ತುಂಬಿದ ನದಿಯನ್ನು ತಡೆಯಲು ಏರಿ.

ನೀರನ್ನು ಎಳೆಯಲು ನೆಲವೇ ಅನುಕೂಲ ಮಾಡಿಕೊಟ್ಟಿತ್ತು. ಬಾಗ್ದಾದ್ ಸಮುದ್ರಮಟ್ಟದಿಂದ ಸುಮಾರು 35 ಮೀಟರ್ ಎತ್ತರದಲ್ಲಿದೆ, ಸಮುದ್ರಕ್ಕೆ ಅಲ್ಲಿಂದ 500 ಕಿಲೋಮೀಟರಿಗೂ ಹೆಚ್ಚು ದೂರ. ಕಿಲೋಮೀಟರಿಗೆ ಹತ್ತು ಸೆಂಟಿಮೀಟರೂ ಇಳಿಜಾರಿಲ್ಲದ ಇಂಥ ಬಯಲಿನಲ್ಲಿ ನದಿ ತಾನು ಹೊತ್ತು ತಂದ ಹೂಳನ್ನು ತನ್ನ ಮಗ್ಗುಲಲ್ಲೇ ಇಳಿಸುತ್ತಾ ಹೋಗುತ್ತದೆ. ದಡ ಮೀರಿ ಹರಿದಾಗ ದಪ್ಪ ಹೂಳು ದಡದ ಪಕ್ಕದಲ್ಲೇ ನಿಲ್ಲುತ್ತದೆ, ನುಣುಪಾದ ಜೇಡಿ ದೂರ ಹೋಗಿ ತಗ್ಗಿನಲ್ಲಿ ಕೂರುತ್ತದೆ. ನೂರಾರು ವರ್ಷ ಹೀಗೇ ನಡೆದರೆ ದಡ, ಪಾತ್ರ ಎರಡೂ ಏರಿ, ನದಿಯೇ ಸುತ್ತಲಿನ ಬಯಲಿಗಿಂತ ಎತ್ತರದಲ್ಲಿ ಹರಿಯತೊಡಗುತ್ತದೆ. ಆಗ ನೀರೆತ್ತುವ ಯಂತ್ರ ಬೇಡ. ದಡದ ದಿಬ್ಬವನ್ನು ಒಂದು ಕಡೆ ಕಡಿದು ತೂಬು ಇಟ್ಟರೆ ನೀರು ತಾನಾಗಿ ಹೊರಗಿನ ಇಳಿಜಾರಿಗೆ ಹರಿಯುತ್ತದೆ. ಏತದ ಚಿತ್ರ ಮೊದಲು ಕಾಣುವುದು ಬಹಳ ತಡವಾಗಿ, ಕ್ರಿ.ಪೂ. 2300ರ ಆಸುಪಾಸಿನ ಅಕ್ಕಾಡಿಯನ್ (ಸುಮೇರಿನ ಉತ್ತರದ ಅಕ್ಕಾಡ್ ನಾಡಿನ) ಮುದ್ರೆಯ ಮೇಲೆ. ಅದೂ ತೋಟಗಳಿಗೆ ಹೆಚ್ಚು ಬಳಕೆಯಾದದ್ದು.

ಯಾವ ಬೆಳೆ ಎಲ್ಲಿ ಎಂಬುದನ್ನೂ ಈ ದಿಬ್ಬವೇ ತೀರ್ಮಾನಿಸಿತು. ದಿಬ್ಬದ ನೆತ್ತಿಯ ಮಣ್ಣು ಚೆನ್ನಾಗಿ ಬಸಿಯುತ್ತದೆ. ಅಲ್ಲಿ ಖರ್ಜೂರದ ತೋಟ, ಅದರ ನೆರಳಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಸೊಪ್ಪು. ಹಿಂಬದಿಯ ಇಳಿಜಾರಿನಲ್ಲಿ ಧಾನ್ಯದ ಹೊಲಗಳು. ಅವು ಉದ್ದುದ್ದವಾಗಿ, ಅಗಲ ಕಡಿಮೆ ಇದ್ದು, ಕಿರಿದಾದ ಬದಿ ಕಾಲುವೆಗೆ ತಾಗಿಕೊಂಡಿರುತ್ತಿದ್ದವು. ಎಲ್ಲರಿಗೂ ಕಾಲುವೆಯ ಬಾಯಿ ಸಿಗಬೇಕಲ್ಲ. ಎತ್ತುಗಳನ್ನು ತಿರುಗಿಸುವ ಸರ್ತಿಯೂ ಕಡಿಮೆಯಾಗುತ್ತಿತ್ತು. ಕೊನೆಯ ತಗ್ಗಿನಲ್ಲಿ ಜೊಂಡು, ಮೀನು, ಮೇವು.

ಬಿತ್ತನೆಯ ವಿವರವನ್ನು ಹೇಳುವ ಒಂದು ಕೃಷಿ ಸೂಚನೆ ಸುಮೇರಿಯನ್ ಭಾಷೆಯಲ್ಲಿ, ಮಣ್ಣಿನ ಫಲಕಗಳ ಮೇಲೆ ಉಳಿದಿದೆ. ನೇಗಿಲಿಗೇ ಬೀಜದ ಕೊಳವೆ ಜೋಡಿಸಿದ ಕೂರಿಗೆ ಅವರಲ್ಲಿತ್ತು. ಸುಮಾರು 6 ಮೀಟರ್ ಅಗಲಕ್ಕೆ ಎಂಟು ಸಾಲು, ಅಂದರೆ ಸಾಲಿನಿಂದ ಸಾಲಿಗೆ 75 ಸೆಂಟಿಮೀಟರ್. ಬೀಜ ಎರಡು ಬೆರಳು ಆಳಕ್ಕೆ ಬೀಳಬೇಕು. ಬೀಜ ಎರಚಿದರೆ ಹಕ್ಕಿಗೂ ಬಿಸಿಲಿಗೂ ಪಾಲು ಹೋಗುತ್ತದೆ. ಕೂರಿಗೆಯಲ್ಲಿ ಬೀಜ ಉಳಿಯುತ್ತದೆ. ನೀರು ಕಟ್ಟುವ ಹದವನ್ನೂ ಬೆಳೆಯ ಎತ್ತರದಿಂದಲೇ ಹೇಳಿದೆ: ಸಸಿ ಸಾಲಿನ ತಳ ತುಂಬಿದಾಗ ಮೊದಲ ನೀರು, ಮುಂದೆ ಎರಡು ಹಂತಗಳಲ್ಲಿ ಎರಡನೆಯದು, ಮೂರನೆಯದು. ಆಗ ಬೆಳೆ ಕೆಂಪಗಾಗಿದ್ದರೆ ಅದು ರೋಗ, ನೀರು ಬಿಡಬೇಡ. ಕಾಳು ತುಂಬಿ ಚೆನ್ನಾಗಿದ್ದರೆ ನಾಲ್ಕನೆಯ ನೀರು ಕೊಡು, ಹತ್ತು ಅಳತೆಗೆ ಒಂದು ಅಳತೆ ಹೆಚ್ಚು ಸಿಗುತ್ತದೆ. ನಾಲ್ಕು ಸಾವಿರ ವರ್ಷ ಹಿಂದಿನ ಈ ಸಲಹೆಯಲ್ಲಿ ಇವತ್ತಿನ ಕೃಷಿ ಅಧಿಕಾರಿ ತಿದ್ದುವುದು ಹೆಚ್ಚೇನೂ ಇರಲಾರದು.

ಕಾಲುವೆಗೆ ದೊಡ್ಡ ಶತ್ರು ಹೂಳು. ನೀರಿನ ವೇಗ ಕಡಿಮೆಯಾದ ಕಡೆಯೆಲ್ಲ ಅದು ಕೂರುತ್ತದೆ, ಕಾಲುವೆಯ ಬಾಯಲ್ಲಂತೂ ಎಲ್ಲಕ್ಕಿಂತ ಜಾಸ್ತಿ. ಪ್ರತಿವರ್ಷ ಎತ್ತದಿದ್ದರೆ ಕೆಲವೇ ವರ್ಷಗಳಲ್ಲಿ ಕಾಲುವೆಯ ತಳ ನದಿಯ ಮಟ್ಟಕ್ಕೆ ಏರಿ ನೀರೇ ಒಳಗೆ ಬಾರದು. ಎತ್ತಿದ ಹೂಳನ್ನು ಪಕ್ಕಕ್ಕೇ ಹಾಕುವುದರಿಂದ ಏರಿ ಎತ್ತರವಾಗುತ್ತಾ ಹೋಗಿ ಮುಂದಿನ ವರ್ಷ ಎತ್ತುವುದು ಇನ್ನೂ ಕಷ್ಟ. ಎಷ್ಟು ಕೆಲಸ ಎಂಬುದಕ್ಕೆ ಲೆಕ್ಕವಿದೆ. ಒಬ್ಬ ಆಳು ದಿನಕ್ಕೆ ಅಗೆಯಬೇಕಾದ ಮಣ್ಣು ಅವರ ದಾಖಲೆಗಳ ಪ್ರಕಾರ ಸುಮಾರು 3 ಘನಮೀಟರ್. 5 ಕಿಲೋಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಆಳದ ಕಾಲುವೆಗೆ 10,000 ಘನಮೀಟರ್ ಮಣ್ಣು ತೆಗೆಯಬೇಕು. ನೂರು ಆಳಿಗೆ ಒಂದು ತಿಂಗಳು ಮೀರಿದ ಕೆಲಸ. ಒಂದೆರಡು ಹಳ್ಳಿಗಳು ಸೇರಿದರೆ ಆಗದ್ದೇನಲ್ಲ.

ಇದು ಮುಖ್ಯ, ಏಕೆಂದರೆ ಇತಿಹಾಸಕಾರ ಕಾರ್ಲ್ ವಿಟ್‌ಫೋಗೆಲ್ 1957ರಲ್ಲಿ ಮಂಡಿಸಿದ ವಾದ ಇದಕ್ಕೆ ವಿರುದ್ಧವಾಗಿತ್ತು: ದೊಡ್ಡ ನೀರಾವರಿಗೆ ಸಾವಿರಾರು ಆಳು ಬೇಕು, ಆಳನ್ನು ಹಿಡಿದಿಡಲು ಅಧಿಕಾರಿ ಬೇಕು, ಅಧಿಕಾರಿಯ ಮೇಲೆ ನಿರಂಕುಶ ದೊರೆ ಬೇಕು, ರಾಜ್ಯ ಹುಟ್ಟಿದ್ದೇ ಹೀಗೆ ಎಂದು. ವಾದ ಅಂದವಾಗಿದೆ, ಆದರೆ ನೆಲ ಅದನ್ನು ಒಪ್ಪಲಿಲ್ಲ. ಪುರಾತತ್ವಜ್ಞ ರಾಬರ್ಟ್ ಆಡಮ್ಸ್ ಇರಾಕಿನ ಬಯಲನ್ನು ವರ್ಷಗಟ್ಟಲೆ ಅಳೆದು ಹಳೆಯ ಊರು, ಕಾಲುವೆಗಳ ನಕ್ಷೆ ಮಾಡಿದಾಗ ಕಂಡದ್ದು ಬೇರೆ: ಮೊದಲ ಕಾಲುವೆಗಳು ಚಿಕ್ಕವು, ಊರಿನ ಮಟ್ಟದವು. ಸೀಮೆ ದಾಟುವ ದೊಡ್ಡ ಕಾಲುವೆಗಳು ಬಂದದ್ದು ನಗರಗಳು ಎದ್ದ ಮೇಲೆ.

ಕಣಜ, ಪಡಿ, ಬರಹ

ಹಾಗಾದರೆ ಅಧಿಕಾರ ಬೆಳೆದದ್ದು ಎಲ್ಲಿಂದ? ತೋಡುವ ಕೆಲಸಕ್ಕಿಂತ ಕೂಡಿಡುವ ಕೆಲಸದಿಂದ ಎಂಬುದೇ ನಮಗೆ ಸರಿ ಎನಿಸುವ ಉತ್ತರ. ನೀರು ಸಿಕ್ಕ ಹೊಲ ಚೆನ್ನಾಗಿ ಕೊಡುತ್ತದೆ, ಆದರೆ ವರ್ಷಕ್ಕೊಮ್ಮೆ ಮಾತ್ರ, ಒಂದೇ ಸಲ. ಏಪ್ರಿಲಿನಲ್ಲಿ ಏರಿ ಒಡೆದರೆ ಒಂದು ಊರಿನ ಇಡೀ ವರ್ಷದ ಅನ್ನ ಹೋಯಿತು, ಪಕ್ಕದ ಊರಿಗೆ ಏನೂ ಆಗಿರುವುದಿಲ್ಲ. ಇಂಥ ಕಡೆ ಹಲವು ಊರುಗಳ ಕಾಳು ಒಂದೆಡೆ ಸೇರಿ, ಬೇಕಾದವರಿಗೆ ಹಂಚುವ ವ್ಯವಸ್ಥೆ ಇದ್ದರೆ ಎಲ್ಲರೂ ಬದುಕುತ್ತಾರೆ. ಸುಮೇರಿನಲ್ಲಿ ಆ ಜಾಗ ದೇವಾಲಯ. ಸುಮೇರಿನ ಹಳೆಯ ಊರಾದ ಎರಿದುವಿನಲ್ಲಿ 1940ರ ದಶಕದಲ್ಲಿ ಫುವಾದ್ ಸಫರ್, ಸೀಟನ್ ಲಾಯ್ಡ್ ಅಗೆದಾಗ ಒಂದರ ಮೇಲೊಂದು ಕಟ್ಟಿದ ಗುಡಿಗಳ ಹದಿನೇಳು ಹದಿನೆಂಟು ಪದರ ಸಿಕ್ಕವು. ತಳದಲ್ಲಿದ್ದದ್ದು ಸುಮಾರು 3 ಮೀಟರ್ ಚದರದ ಒಂದು ಕೋಣೆ. ಮೇಲೆ ಬರುತ್ತಾ ಅದು ಎತ್ತರದ ಜಗಲಿಯ ಮೇಲಿನ ದೊಡ್ಡ ಕಟ್ಟಡವಾಗಿದೆ.

ಉರುಕ್ ನಗರ ಕ್ರಿ.ಪೂ. 3100ರ ಹೊತ್ತಿಗೆ ಸುಮಾರು 250 ಹೆಕ್ಟೇರಿಗೆ ಹಬ್ಬಿತ್ತು. ಜನಸಂಖ್ಯೆಯ ಅಂದಾಜುಗಳು 25,000ದಿಂದ ಮೇಲಕ್ಕೆ ಹೋಗುತ್ತವೆ. ಅಷ್ಟು ಜನರಿಗೆ ಎಷ್ಟು ಹೊಲ ಬೇಕು? ಮುಂದಿನ ಕಾಲದ, ಕ್ರಿ.ಪೂ. 2100ರ ಸುಮಾರಿನ, ಲೆಕ್ಕಪತ್ರಗಳಲ್ಲಿ ಗಂಡಾಳಿಗೆ ತಿಂಗಳಿಗೆ 60 ಸಿಲಾ, ಹೆಣ್ಣಾಳಿಗೆ 30 ಸಿಲಾ ಜವೆಗೋಧಿ ಪಡಿ. ಸಿಲಾ ಎಂದರೆ ಹೆಚ್ಚುಕಡಿಮೆ ಒಂದು ಲೀಟರ್. ಮಕ್ಕಳು ಮುದುಕರನ್ನೂ ಸೇರಿಸಿ ತಲೆಗೆ ಸರಾಸರಿ 40 ಸಿಲಾ ಹಿಡಿದರೆ 25,000 ಜನರಿಗೆ ವರ್ಷಕ್ಕೆ 1 ಕೋಟಿ 20 ಲಕ್ಷ ಲೀಟರ್. ಅದೇ ಕಾಲದ ಇಳುವರಿ ಹೆಕ್ಟೇರಿಗೆ 1,400 ಲೀಟರ್ ಎಂದರೆ ಸುಮಾರು 8,500 ಹೆಕ್ಟೇರ್ ಬೇಕು. ಹೊಲವನ್ನು ವರ್ಷ ಬಿಟ್ಟು ವರ್ಷ ಬೀಳು ಬಿಡುತ್ತಿದ್ದರು, ಹಾಗಾಗಿ 17,000 ಹೆಕ್ಟೇರ್. ನಗರವನ್ನು ನಡುವಿಟ್ಟು ಏಳೆಂಟು ಕಿಲೋಮೀಟರ್ ತ್ರಿಜ್ಯದ ವೃತ್ತ. ಲೆಕ್ಕ ಒರಟು, ಬೀಜ, ಎತ್ತಿನ ಮೇವು, ಜೌಗು, ತೋಟ ಸೇರಿಸಿದರೆ ವೃತ್ತ ಇನ್ನೂ ದೊಡ್ಡದು. ಆದರೆ ಒಂದು ವಿಷಯ ಸ್ಪಷ್ಟ: ಅಷ್ಟು ಕಾಳನ್ನು ತಲೆಹೊರೆಯಲ್ಲೋ ಕತ್ತೆಯ ಮೇಲೋ ತರುವುದು ದುಬಾರಿ. ಕಾಲುವೆ ನೀರು ಕೊಟ್ಟದ್ದಷ್ಟೇ ಅಲ್ಲ, ದೋಣಿಯಲ್ಲಿ ಕಾಳನ್ನು ನಗರಕ್ಕೂ ತಂದಿತು. ಮಳೆಯಾಶ್ರಯದ ಬೆಟ್ಟದೂರುಗಳಿಗೆ ಈ ಸೌಲಭ್ಯ ಇರಲಿಲ್ಲ.

ಉರುಕ್‌ನ ಮಣ್ಣಿನಲ್ಲಿ ರಾಶಿ ರಾಶಿಯಾಗಿ ಸಿಗುವ ವಸ್ತು ಒಂದಿದೆ: ಓರೆ ಅಂಚಿನ ಒರಟು ಮಣ್ಣಿನ ಬಟ್ಟಲು. ಅಚ್ಚಿನಲ್ಲಿ ಒತ್ತಿ ಮಾಡಿದ್ದು, ಹೆಚ್ಚುಕಡಿಮೆ ಒಂದೇ ಅಳತೆ, ಚಂದವಿಲ್ಲ. ದಿನದ ಪಡಿ ಅಳೆದು ಕೊಡಲು ಇದು ಬಳಕೆಯಾಗಿರಬೇಕು ಎಂಬುದು ಬಹಳ ವಿದ್ವಾಂಸರ ಅಭಿಪ್ರಾಯ.

ಸಾವಿರಾರು ಜನರಿಗೆ ಪಡಿ ಕೊಡುವ ಕಣಜ ನೆನಪಿನ ಮೇಲೆ ನಡೆಯುವುದಿಲ್ಲ. ಮೊದಲು ಮಣ್ಣಿನ ಬಿಲ್ಲೆಗಳನ್ನು ಎಣಿಕೆಗೆ ಇಟ್ಟುಕೊಂಡರು, ಆಮೇಲೆ ಬಿಲ್ಲೆಗಳನ್ನು ಮಣ್ಣಿನ ಉಂಡೆಯೊಳಗೆ ಮುಚ್ಚಿ ಮೇಲೆ ಮುದ್ರೆ ಒತ್ತಿದರು, ಆಮೇಲೆ ಹಸಿ ಮಣ್ಣಿನ ಫಲಕದ ಮೇಲೆ ಗುರುತು ಹಾಕಿದರು. ಉರುಕ್‌ನಲ್ಲಿ ಸುಮಾರು ಕ್ರಿ.ಪೂ. 3300ರ ಆಚೀಚೆ ಶುರುವಾಗುವ ಇಂಥ ಸುಮಾರು 5,000 ಫಲಕಗಳು ಸಿಕ್ಕಿವೆ. ಬಹುಪಾಲು ಲೆಕ್ಕವೇ: ಕಾಳು, ಕುರಿ, ಆಳು, ಬಿಯರ್. ಕಥೆಯಿಲ್ಲ, ಸ್ತುತಿಯಿಲ್ಲ, ರಾಜನ ಹೊಗಳಿಕೆಯಂತೂ ಇಲ್ಲವೇ ಇಲ್ಲ. ಒಂದು ಫಲಕ 29,086 ಅಳತೆ ಜವೆಗೋಧಿ, 37 ತಿಂಗಳು ಎಂದು ದಾಖಲಿಸಿ ‘ಕುಶಿಮ್’ ಎಂಬ ಸಹಿಯೊಂದಿಗೆ ಮುಗಿಯುತ್ತದೆ. ಅದು ಒಬ್ಬನ ಹೆಸರೂ ಇರಬಹುದು, ಹುದ್ದೆಯ ಹೆಸರೂ ಇರಬಹುದು. ಜಗತ್ತಿನ ಮೊದಲ ಬರಹಗಾರರು ಕವಿಗಳಲ್ಲ, ಗೋದಾಮಿನ ಗುಮಾಸ್ತರು.

ಕೂಡಿಟ್ಟ ಕಾಳು ಇನ್ನೊಂದು ದಾರಿಯನ್ನೂ ತೆರೆಯಿತು. ಕಲ್ಲು, ಮರ, ಲೋಹ ಯಾವುದೂ ಇಲ್ಲದ ನಾಡು ಕಾಳು, ಉಣ್ಣೆಬಟ್ಟೆ ಕೊಟ್ಟು ಎಲ್ಲವನ್ನೂ ಹೊರಗಿನಿಂದ ತರಿಸಿಕೊಂಡಿತು: ಓಮಾನಿನಿಂದ ತಾಮ್ರ, ಅಫ್ಘಾನಿಸ್ತಾನದ ಬದಕ್ಷಾನಿನಿಂದ ನೀಲಿಯ ಲಾಜವರ್ದ ಕಲ್ಲು, ಸಿಂಧೂ ಕಡೆಯಿಂದ ಕೆಂಪು ಮಣಿ. ಮೆಲುಹ್ಹಾದ ಹಡಗುಗಳು ತನ್ನ ಬಂದರಿಗೆ ಬಂದು ನಿಂತವು ಎಂದು ಅಕ್ಕಾಡಿನ ದೊರೆ ಸಾರ್ಗೊನ್ ಹೇಳಿಕೊಂಡಿದ್ದಾನೆ. ಮೆಲುಹ್ಹಾ ಎಂದರೆ ಸಿಂಧೂ ಸೀಮೆ ಎಂದೇ ಈಗ ಹೆಚ್ಚಿನವರು ಒಪ್ಪುತ್ತಾರೆ.

ಹಂಚಿಕೊಂಡ ನೀರು ಇದ್ದಲ್ಲಿ ಜಗಳ ತಪ್ಪಿದ್ದಲ್ಲ. ಲಗಾಷ್ ಮತ್ತು ಉಮ್ಮಾ ಎಂಬ ನೆರೆಯ ನಗರಗಳು ಗಡಿಯ ಹೊಲಕ್ಕೂ ಗಡಿ ಕಾಲುವೆಗೂ ನೂರು ವರ್ಷಕ್ಕೂ ಮೀರಿ ಕಾದಾಡಿದವು. ಉಮ್ಮಾ ಕೊಡಬೇಕಾದ ಜವೆಗೋಧಿಯ ಬಾಕಿ ಬಡ್ಡಿಯಿಂದ ಬೆಟ್ಟವಾಯಿತು, ಕೊಡಲಾಗದೆ ಅದು ಗಡಿಯ ಕಾಲುವೆಯ ನೀರನ್ನೇ ತಿರುಗಿಸಿ ಗಡಿಗಲ್ಲು ಕಿತ್ತುಹಾಕಿತು ಎಂದು ಲಗಾಷ್‌ನ ಶಾಸನ ದೂರುತ್ತದೆ. ಕ್ರಿ.ಪೂ. 2450ರ ಸುಮಾರಿಗೆ ಲಗಾಷ್‌ನ ದೊರೆ ಎಯನ್ನಾತುಮ್ ಪಡೆದ ಗೆಲುವಿನ ನೆನಪಿನ ಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಅದರಲ್ಲಿ ರಣಹದ್ದುಗಳು ಸತ್ತವರ ತಲೆ ಕಚ್ಚಿ ಹಾರುತ್ತಿವೆ. ನಗರದೊಳಗಿನ ನೀರಿನ ಜಗಳಕ್ಕೆ ಕಾನೂನಿತ್ತು. ಬಾಬಿಲೋನಿನ ಹಮ್ಮುರಾಬಿಯ ಶಾಸನದ ಪ್ರಕಾರ ತನ್ನ ಏರಿಯನ್ನು ಗಟ್ಟಿಮಾಡದೆ ಉದಾಸೀನ ಮಾಡಿದವನಿಂದಾಗಿ ಅದು ಒಡೆದರೆ, ಹಾಳಾದ ಕಾಳನ್ನೆಲ್ಲ ಅವನೇ ತುಂಬಿಕೊಡಬೇಕು. ಇಲ್ಲದಿದ್ದರೆ ಅವನನ್ನೂ ಅವನ ಆಸ್ತಿಯನ್ನೂ ಮಾರಿ, ಬಂದ ಹಣವನ್ನು ನಷ್ಟವಾದವರು ಹಂಚಿಕೊಳ್ಳಬೇಕು.

ಉಪ್ಪು

ಈ ವ್ಯವಸ್ಥೆಯೊಳಗೇ ಒಂದು ರೋಗವಿತ್ತು. ನದಿಯ ನೀರು ಸಿಹಿಯಾದರೂ ಅದರಲ್ಲಿ ಸ್ವಲ್ಪ ಉಪ್ಪು ಕರಗಿರುತ್ತದೆ. ಲೀಟರಿಗೆ ಅರ್ಧ ಗ್ರಾಂ ಎಂದೇ ಇಟ್ಟುಕೊಳ್ಳಿ. ಒಂದು ಬೆಳೆಗೆ ಅರ್ಧ ಮೀಟರ್ ನೀರು ಎಂದರೆ ಹೆಕ್ಟೇರಿಗೆ 5,000 ಘನಮೀಟರ್, ಅದರ ಜತೆ ಎರಡೂವರೆ ಟನ್ ಉಪ್ಪು. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಮಣ್ಣು ಬಸಿಯುತ್ತಿದ್ದರೆ ಉಪ್ಪು ಕೆಳಗೆ ತೊಳೆದುಹೋದೀತು. ಇಳಿಜಾರೇ ಇಲ್ಲದ ಬಯಲಿನಲ್ಲಿ ಬಸಿಯುವ ಬದಲು ಅಂತರ್ಜಲ ಮೇಲೇರುತ್ತದೆ. ಅದು ನೆಲಮಟ್ಟಕ್ಕೆ ಒಂದೂವರೆ, ಎರಡು ಮೀಟರ್ ಹತ್ತಿರ ಬಂದರೆ ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ತಾವೇ ಮೇಲಕ್ಕೆ ಹೀರುತ್ತವೆ. ಬೇಸಿಗೆಯಲ್ಲಿ ಹೊಲದ ಮೇಲೆ ಬಿಳಿ ಪದರ ಕಾಣುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ರೈತರಿಗೆ ಸವಳು-ಜವಳು ಎಂದರೆ ಸಾಕು, ಮಿಕ್ಕದ್ದನ್ನು ವಿವರಿಸಬೇಕಿಲ್ಲ.

ಸುಮೇರಿನವರಿಗೆ ಗೊತ್ತಿದ್ದ ಮದ್ದು ಬೀಳು ಬಿಡುವುದು. ಬೀಳು ಹೊಲದಲ್ಲಿ ಆಳಕ್ಕೆ ಬೇರಿಳಿಸುವ ಒಂಟೆಮುಳ್ಳಿನಂಥ ಕಳೆಗಳು ಬೆಳೆದು ಅಂತರ್ಜಲವನ್ನು ಹೀರಿ ಕೆಳಗಿಳಿಸುತ್ತವೆ. ಮುಂದಿನ ವರ್ಷದ ನೀರು ಉಪ್ಪನ್ನು ಆ ಒಣ ಪದರಕ್ಕೆ ತಳ್ಳುತ್ತದೆ. ಮದ್ದು ಕೆಡುವುದು ಅವಸರದಿಂದ. ತೆರಿಗೆ ಹೆಚ್ಚಾದಾಗ, ಜನ ಹೆಚ್ಚಾದಾಗ ಬೀಳಿನ ವರ್ಷವನ್ನು ಹಾರಿಸುತ್ತಾರೆ. ನೀರು ಹೇರಳವಾದಾಗಲೂ ಅಷ್ಟೇ. ಲಗಾಷ್‌ನ ದೊರೆ ಎಂತೆಮೆನಾ ಟೈಗ್ರಿಸ್‌ನಿಂದ ಹೊಸ ಕಾಲುವೆ ತಂದದ್ದು ಲಗಾಷ್‌ಗೆ ಸೇರಿದ ಗಿರ್ಸು ಸೀಮೆಯ ಅಂತರ್ಜಲವನ್ನು ಏರಿಸಿತು ಎಂದು ಥಾರ್ಕಿಲ್ಡ್ ಜೇಕಬ್‌ಸನ್ ಮತ್ತು ಆಡಮ್ಸ್ 1958ರಲ್ಲಿ ವಾದಿಸಿದರು. ಅವರು ತೆಗೆದ ಲೆಕ್ಕದಲ್ಲಿ ಹೆಕ್ಟೇರಿನ ಇಳುವರಿ ಕ್ರಿ.ಪೂ. 2400ರ ಸುಮಾರಿನಲ್ಲಿ 2,537 ಲೀಟರ್, 2100ರಲ್ಲಿ 1,460, 1700ರಲ್ಲಿ 897. ಉಪ್ಪು ತಡೆಯಲಾರದ ಗೋಧಿ ಕ್ರಮೇಣ ಮರೆಯಾಗಿ, ಅದಕ್ಕಿಂತ ಗಟ್ಟಿಯಾದ ಜವೆಗೋಧಿ ಉಳಿಯಿತು. ಈ ಅಂಕಿಗಳನ್ನು ಕಣ್ಣು ಮುಚ್ಚಿ ಹೇಳುವ ಲೇಖನಗಳು ಬಹಳ. 1985ರಲ್ಲಿ ವಿದ್ವಾಂಸ ಮಾರ್ವಿನ್ ಪೊವೆಲ್ ಅಳತೆಗಳನ್ನು ಓದಿದ ರೀತಿಯನ್ನೇ ಪ್ರಶ್ನಿಸಿದ್ದಾರೆ. ಉಪ್ಪಿನ ಸಮಸ್ಯೆ ಇದ್ದದ್ದು ನಿಜ, ಆದರೆ ಸುಮೇರ್ ಮುಗಿದದ್ದಕ್ಕೆ ಅದೊಂದೇ ಕಾರಣ ಎನ್ನಲಾಗದು. ನದಿಯೇ ದಾರಿ ಬದಲಿಸುವುದು ಅಷ್ಟೇ ದೊಡ್ಡ ಹೊಡೆತ. ಎತ್ತರದಲ್ಲಿ ಹರಿಯುವ ನದಿ ಒಮ್ಮೆ ದಿಬ್ಬ ಒಡೆದು ತಗ್ಗು ಹಿಡಿದರೆ ಹಳೆಯ ಪಾತ್ರಕ್ಕೆ ಮರಳುವುದಿಲ್ಲ. ಉರ್, ಎರಿದು, ಉರುಕ್ ಮೂರೂ ಇವತ್ತು ನಿಂತಿರುವುದು ನದಿಯಿಂದ ದೂರದ ಒಣನೆಲದಲ್ಲಿ.

ನೈಲ್: ಹೇಳಿ ಕಳುಹಿಸಿದಂತೆ ಬರುವ ನೀರು

ಈಜಿಪ್ಟಿನ ನೆರೆ ಇಥಿಯೋಪಿಯಾದ ಬೆಟ್ಟಗಳ ಮಳೆಗಾಲದ್ದು. ಜೂನ್, ಜುಲೈಗಳಲ್ಲಿ ನೀರು ಏರತೊಡಗಿ, ಆಗಸ್ಟ್-ಸೆಪ್ಟೆಂಬರಿನಲ್ಲಿ ತುಂಬಿ, ಅಕ್ಟೋಬರಿನಲ್ಲಿ ಇಳಿಯುತ್ತಿತ್ತು. ಇಳಿದ ಕೂಡಲೇ ಬಿತ್ತನೆಯ ಹದ. ಬೆಳೆ ನೆಲದಲ್ಲಿರುವಷ್ಟು ದಿನ ನದಿ ತಗ್ಗಿರುತ್ತಿತ್ತು, ಕೊಯ್ಲಾದ ಮೇಲೆ ಮತ್ತೆ ಏರುತ್ತಿತ್ತು. ಇಷ್ಟು ಅನುಕೂಲವಾದ ನದಿ ಇನ್ನೊಂದಿಲ್ಲ.

ಹಾಗಾಗಿ ಇಲ್ಲಿ ಉದ್ದದ ಕಾಲುವೆಗಿಂತ ಬದುಗಳದೇ ಕೆಲಸ. ಕಣಿವೆಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ದೊಡ್ಡ ದೊಡ್ಡ ಮಡಿಗಳನ್ನು ಮಾಡಿ, ನೆರೆಯ ನೀರನ್ನು ಒಳಗೆ ಬಿಟ್ಟು 40ರಿಂದ 60 ದಿನ ನಿಲ್ಲಿಸಿ, ನೆಲ ಕುಡಿದ ಮೇಲೆ ಉಳಿದದ್ದನ್ನು ನದಿಗೇ ಬಿಡುತ್ತಿದ್ದರು. ಬೀಜವನ್ನು ಹಸಿ ಮಣ್ಣಿನ ಮೇಲೆ ಎರಚಿ ಕುರಿಗಳಿಂದ ತುಳಿಸಿದರೆ ಬಿತ್ತನೆ ಮುಗಿಯಿತು. ಆ ಒಂದು ನೀರಿನಲ್ಲೇ ಬೆಳೆ ಬರುತ್ತಿತ್ತು. ಉಪ್ಪಿನ ರೋಗಕ್ಕೂ ಇದರಲ್ಲೇ ಮದ್ದಿತ್ತು: ಮೇಲಿನಿಂದ ನೆರೆ ತೊಳೆಯುತ್ತಿತ್ತು, ಬೇಸಿಗೆಯಲ್ಲಿ ನದಿ ಹಲವು ಮೀಟರ್ ಇಳಿದಾಗ ಅಂತರ್ಜಲವೂ ಇಳಿದು ಉಪ್ಪನ್ನು ಎಳೆದೊಯ್ಯುತ್ತಿತ್ತು. 1970ರಲ್ಲಿ ಅಸ್ವಾನ್ ಮಹಾ ಅಣೆಕಟ್ಟು ಮುಗಿದು ನೆರೆ ನಿಂತು, ವರ್ಷವಿಡೀ ನೀರಾವರಿ ಬಂದ ಮೇಲೆ ಈಜಿಪ್ಟ್ ತನ್ನ ಹೊಲಗಳ ಅಡಿಯಲ್ಲಿ ಬಸಿಗಾಲುವೆಯ ಕೊಳವೆಗಳನ್ನು ಭಾರೀ ಪ್ರಮಾಣದಲ್ಲಿ ಹೂಳಬೇಕಾಯಿತು.

ಇಲ್ಲಿನ ಅಪಾಯ ನೆರೆಯ ಎತ್ತರದಲ್ಲಿತ್ತು. ಮೊದಲ ರಾಜವಂಶದ ಕಾಲದಿಂದಲೇ ಪ್ರತಿವರ್ಷದ ನೆರೆಯ ಮಟ್ಟವನ್ನು ಮೊಳ, ಅಂಗೈ, ಬೆರಳಿನ ಅಳತೆಯಲ್ಲಿ ಬರೆದಿಟ್ಟದ್ದು ಈಜಿಪ್ಟಿನ ದೊರೆಗಳ ವರ್ಷವಾರು ದಾಖಲೆಯಾದ ಪಲೆರ್ಮೊ ಶಿಲೆಯಲ್ಲಿದೆ. ರೋಮನ್ ಲೇಖಕ ಪ್ಲಿನಿ ಹೇಳುವ ಪ್ರಕಾರ 12 ಮೊಳಕ್ಕೆ ಬರ, 13ಕ್ಕೆ ಹಸಿವು, 14ಕ್ಕೆ ನಲಿವು, 15ಕ್ಕೆ ನಿಶ್ಚಿಂತೆ, 16ಕ್ಕೆ ಸಂಭ್ರಮ. ಮಟ್ಟ ಗೊತ್ತಾದರೆ ಎಷ್ಟು ನೆಲ ನೆನೆಯಿತು, ಎಷ್ಟು ಕಾಳು ಬಂದೀತು, ಎಷ್ಟು ತೆರಿಗೆ ಹಾಕಬಹುದು ಎಂಬುದು ಕೊಯ್ಲಿಗೆ ಮೊದಲೇ ಗೊತ್ತಾಗುತ್ತದೆ. ಒಂದೇ ನದಿ, ಎರಡೂ ಕಡೆ ಮರಳುಗಾಡು, ತೆರಿಗೆ ತಪ್ಪಿಸಿ ಓಡಿಹೋಗಲು ಜಾಗವಿಲ್ಲ, ದೋಣಿ ಹಿಡಿದರೆ ಯಾವ ಊರನ್ನೂ ತಲುಪಬಹುದು. ಕ್ರಿ.ಪೂ. 3100ರ ಸುಮಾರಿಗೇ ಇಡೀ ಕಣಿವೆ ಒಬ್ಬ ದೊರೆಯ ಕೈಗೆ ಬಂದದ್ದರಲ್ಲಿ ಇವೆಲ್ಲದರ ಪಾಲಿದೆ. ನೆರೆ ಸರಣಿಯಾಗಿ ಕೈಕೊಟ್ಟಾಗ ಏನಾಗುತ್ತದೆ ಎಂಬುದನ್ನು ಪಿರಮಿಡ್ಡುಗಳನ್ನು ಕಟ್ಟಿಸಿದ ‘ಹಳೆಯ ರಾಜ್ಯ’ ಒಡೆದ ಮೇಲಿನ ಕಾಲದ ಅಧಿಪತಿ ಅಂಖ್ತಿಫಿಯ ಗೋರಿಯ ಶಾಸನ ಹೇಳುತ್ತದೆ: ಹಸಿವಿನಿಂದ ಸಾಯುತ್ತಿದ್ದ ಸೀಮೆಗಳಿಗೆ ತಾನು ಕಾಳು ಕೊಟ್ಟೆ ಎಂಬುದೇ ಅವನ ದೊಡ್ಡ ಹೆಮ್ಮೆ.

ಸಿಂಧೂ: ನದಿಯಿಂದ ಸ್ವಲ್ಪ ದೂರ

ಸಿಂಧೂವಿನ ನೆರೆ ಹಿಮವೂ ಮುಂಗಾರೂ ಸೇರಿ ಜುಲೈ, ಆಗಸ್ಟಿನಲ್ಲಿ ಬರುತ್ತದೆ. ನೀರು ಇಳಿದ ಮೇಲೆ ಹಿಂಗಾರಿನ ಗೋಧಿ, ಜವೆಗೋಧಿ. ಪಂಚಾಂಗ ನೈಲ್‌ನಂತೆಯೇ ಅನುಕೂಲ, ಆದರೆ ನದಿಯ ಸ್ವಭಾವ ಬೇರೆ: ರಭಸ ಜಾಸ್ತಿ, ಪಾತ್ರ ಬದಲಿಸುವ ಚಾಳಿ ಜಾಸ್ತಿ. ಹಾಗಾಗಿ ಕ್ರಿ.ಪೂ. 2600ರಿಂದ 1900ರ ನಡುವಿನ ನಗರಗಳ ದುಡಿಮೆಯ ದೊಡ್ಡ ಭಾಗ ನದಿಯನ್ನು ಹಿಡಿಯುವುದಕ್ಕಲ್ಲ, ಅದರಿಂದ ತಪ್ಪಿಸಿಕೊಳ್ಳುವುದಕ್ಕೆ ಹೋಗಿದೆ. ಮೊಹೆಂಜೊದಾರೊ ನಿಂತಿರುವುದು ದೊಡ್ಡ ಮಣ್ಣಿಟ್ಟಿಗೆಯ ಜಗಲಿಗಳ ಮೇಲೆ. ನೀರು ತಗುಲುವ ಕಡೆಗೆಲ್ಲ ಸುಟ್ಟ ಇಟ್ಟಿಗೆ, ದಪ್ಪ, ಅಗಲ, ಉದ್ದ 1:2:4ರ ಪ್ರಮಾಣದಲ್ಲಿ. ಕುಡಿಯುವ ನೀರಿಗೆ ಊರೊಳಗೇ ಬಾವಿ. ಅಲ್ಲಿ ಸುಮಾರು 700 ಬಾವಿಗಳಿದ್ದಿರಬಹುದೆಂಬ ಅಂದಾಜಿದೆ. ಸುಮೇರಿನಂಥ ಕಾಲುವೆಯ ಜಾಲ ಈ ಬಯಲಿನಲ್ಲಿ ಕಂಡಿಲ್ಲ. ಕಾಲುವೆಯ ಸ್ಪಷ್ಟ ಗುರುತು ಸಿಕ್ಕಿರುವುದು ದೂರದ ಅಫ್ಘಾನಿಸ್ತಾನದ ಶೋರ್ತುಗೈ ಎಂಬ ಹೊರಠಾಣ್ಯದಲ್ಲಿ.

ಸಿಂಧೂವಿನ ಪೂರ್ವಕ್ಕಿರುವ ಘಗ್ಗರ್-ಹಕ್ರಾ ಎಂಬ ಒಣ ನದಿಪಾತ್ರದ ಉದ್ದಕ್ಕೂ ಇರುವ ನೂರಾರು ನೆಲೆಗಳ ವಿಚಾರ ಇನ್ನೂ ಕುತೂಹಲದ್ದು. ಅಲ್ಲೊಂದು ಮಹಾನದಿ ತುಂಬಿ ಹರಿಯುತ್ತಿತ್ತು ಎಂದು ಬಹುಕಾಲ ನಂಬಲಾಗಿತ್ತು. 2017ರಲ್ಲಿ ಪ್ರಕಟವಾದ ಕೆಸರಿನ ಅಧ್ಯಯನ ತೋರಿಸಿದ್ದು, ಸಟ್ಲೆಜ್ ಆ ಪಾತ್ರವನ್ನು ಬಿಟ್ಟುಹೋದದ್ದು ಸುಮಾರು 8,000 ವರ್ಷಗಳ ಹಿಂದೆ, ಹರಪ್ಪದ ನಗರಗಳಿಗೆ ಬಹಳ ಮೊದಲೇ. ಜನ ನೆಲೆಸಿದ್ದು ದೊಡ್ಡ ನದಿ ಖಾಲಿ ಮಾಡಿದ ಪಾತ್ರದಲ್ಲಿ: ಮುಂಗಾರಿನ ಹೊಳೆಯ ನೀರು ಸಿಗುತ್ತದೆ, ಹಿಮಾಲಯದ ನೆರೆಯ ಕಾಟವಿಲ್ಲ. ಅದೇ ಸೀಮೆಯ ಕಾಲಿಬಂಗಾನ್‌ನಲ್ಲಿ ಸುಮಾರು ಕ್ರಿ.ಪೂ. 2800ರ ಉತ್ತ ಹೊಲವೇ ಸಿಕ್ಕಿದೆ. ಒಂದು ದಿಕ್ಕಿನ ಸಾಲುಗಳ ನಡುವೆ 30 ಸೆಂಟಿಮೀಟರ್, ಅದಕ್ಕೆ ಅಡ್ಡಲಾಗಿ 1.9 ಮೀಟರಿಗೊಂದು ಸಾಲು. ಅಗೆತದ ಕಾಲದಲ್ಲೂ ಅಲ್ಲಿನ ರೈತರು ಹಾಗೇ ಉತ್ತು ಒತ್ತಾದ ಸಾಲಿಗೆ ಹುರುಳಿ, ಅಗಲದ ಸಾಲಿಗೆ ಸಾಸಿವೆ ಹಾಕುತ್ತಿದ್ದರು. ಧೋಲಾವೀರಾ ಅಂತೂ ದೊಡ್ಡ ನದಿಯ ದಡದಲ್ಲೇ ಇಲ್ಲ. ಕಚ್ಛಿನ ಉಪ್ಪುನೆಲದ ನಡುವೆ ಮನ್ಸರ್, ಮನ್ಹರ್ ಎಂಬ ಎರಡು ಮಳೆಗಾಲದ ಹಳ್ಳಗಳಿಗೆ ಅಡ್ಡ ಕಟ್ಟಿ, ನೀರನ್ನು ಕೋಟೆಯೊಳಗಿನ ಕೊಳಗಳ ಸಾಲಿಗೆ ತಿರುಗಿಸಿ ಬದುಕಿದ ನಗರ ಅದು.

ಇಲ್ಲಿನ ಅಧಿಕಾರ ಹೇಗಿತ್ತೆಂದು ಹೇಳುವುದು ಕಷ್ಟ, ಲಿಪಿಯನ್ನು ಓದಲಾಗಿಲ್ಲ. ಕಾಣುವುದು ಇಷ್ಟು: ಎಲ್ಲ ಕಡೆ ಒಂದೇ ತೂಕದ ಕಲ್ಲುಗಳು, ಸುಮಾರು 13.6 ಗ್ರಾಂನ ಮೂಲಮಾನ, ಅದರ ಇಮ್ಮಡಿ, ಇಮ್ಮಡಿಯ ಇಮ್ಮಡಿ. ಕ್ರಿ.ಪೂ. 2200ರ ನಂತರ ಮುಂಗಾರು ದುರ್ಬಲವಾದ ಹಾಗೆ ಜನ ಪೂರ್ವಕ್ಕೆ, ಗುಜರಾತಿನ ಕಡೆಗೆ ಚದುರಿದರು. ಮುಂಗಾರಿನ ಕಿರುಧಾನ್ಯ, ಭತ್ತದ ಪಾಲು ಹೆಚ್ಚಿತು. ಮಳೆಗೆ ಬೆಳೆಯುವ ಚಿಕ್ಕ ಊರುಗಳಿಗೆ ದೊಡ್ಡ ನಗರದ ಕಣಜ ಅಷ್ಟಾಗಿ ಬೇಕಿರಲಿಲ್ಲ.

ಕೃಷ್ಣೆ, ತುಂಗಭದ್ರೆಯ ದಡದಲ್ಲಿ ಏಕಿಲ್ಲ?

ಅದೇ ಕಾಲದಲ್ಲಿ ನಮ್ಮಲ್ಲೂ ರೈತರಿದ್ದರು. ಬಳ್ಳಾರಿ ಪಕ್ಕದ ಸಂಗನಕಲ್ಲು, ತೆಕ್ಕಲಕೋಟೆ, ಸುರಪುರ ಸೀಮೆಯ ಬೂದಿಹಾಳ ಇವೆಲ್ಲ ನವಶಿಲಾಯುಗದ ನೆಲೆಗಳು. ದನ ಸಾಕಿದವರು, ಕೊರಲೆ, ಹುರುಳಿ, ಹೆಸರು ಬೆಳೆದವರು. ಆದರೆ ಅವರು ಊರು ಕಟ್ಟಿದ್ದು ಹೆಚ್ಚಾಗಿ ಬಂಡೆಗುಡ್ಡಗಳ ಮೇಲೆ, ಬುಡದಲ್ಲಿ. ದಖ್ಖನಿನ ನದಿಗಳು ಬಂಡೆಯನ್ನು ಕೊರೆದುಕೊಂಡು ಹರಿಯುವಂಥವು. ದಡದಲ್ಲಿ ನೈಲ್‌ನಂಥ ಅಗಲದ ಮೆಕ್ಕಲು ಬಯಲಿಲ್ಲ, ನೀರು ಹೊಲಕ್ಕಿಂತ ಕೆಳಗೆ. ನೆರೆ ಬರುವುದು ಜುಲೈ-ಆಗಸ್ಟಿನಲ್ಲಿ, ಮುಂಗಾರಿನ ಪೈರು ಹೊಲದಲ್ಲಿರುವಾಗಲೇ. ಜತೆಗೆ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಬೀಳುವ ಕಡೆ ಕೊರಲೆ, ಹುರುಳಿಗೆ ನದಿಯ ಹಂಗೇ ಬೇಕಿಲ್ಲ. ತುಂಗಭದ್ರೆಯ ನೀರನ್ನು ಹೊಲಕ್ಕೆ ಹತ್ತಿಸಬೇಕಾದರೆ ನದಿಯ ಬಂಡೆಗಳ ನಡುವೆ ಕಲ್ಲಿನ ಒಡ್ಡು ಕಟ್ಟಿ ಮಟ್ಟವನ್ನೇ ಏರಿಸಬೇಕು. ಆ ಕೆಲಸ ದೊಡ್ಡದಾಗಿ ನಡೆದದ್ದು ವಿಜಯನಗರದ ಕಾಲದಲ್ಲಿ. ಆಗ ತೋಡಿದ ತುರ್ತಾ ಕಾಲುವೆ ಹಂಪಿಯ ಬಾಳೆ, ಭತ್ತದ ಗದ್ದೆಗಳಿಗೆ ಈಗಲೂ ನೀರು ಕೊಡುತ್ತಿದೆ.